ತೆರೆದ ತೊಲೆಗಳ ಗ್ಯಾರೇಜಿಗೆ ಎಲ್‌ಇಡಿ ಪಟ್ಟಿ: ಬಳಸಿ ನೋಡಿದ ಅನುಭವ

ಸೀಲಿಂಗ್ ಇಲ್ಲದೆ ತೊಲೆ, ಜಂತೆಗಳೆಲ್ಲ ತೆರೆದೇ ಇರುವ ಗ್ಯಾರೇಜಿನಲ್ಲಿ ನಡುವೆ ಒಂದೇ ಬಲ್ಬು ತೂಗಿಬಿಟ್ಟರೆ ಕೆಲಸದ ಮೇಜಿನ ಮೇಲೆ ಬೆಳಕಿಗಿಂತ ನಮ್ಮ ತಲೆಯ ನೆರಳೇ ಹೆಚ್ಚು ಬೀಳುತ್ತದೆ. ಇದನ್ನು ತಪ್ಪಿಸಲು 5 ಮೀಟರಿನ ಎರಡು ಸುರುಳಿ ಎಲ್‌ಇಡಿ ಪಟ್ಟಿ, ಅದನ್ನು ಒಳಗೆ ಕೂರಿಸುವ ಅಲ್ಯೂಮಿನಿಯಂ ಚಾನೆಲ್ ಮತ್ತು ಮನೆಯ ವಿದ್ಯುತ್ತನ್ನು ಪಟ್ಟಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸುವ ಒಂದು ಪವರ್ ಸಪ್ಲೈ ತರಿಸಿ, ಜೋಡಣೆಯನ್ನು ನಾನೇ ಮಾಡಿಕೊಂಡೆ.

ಪಟ್ಟಿಯ ಬಗ್ಗೆ ನನ್ನ ತಕರಾರಿಲ್ಲ. ಮೀಟರಿಗೆ 60 ದೀಪಗಳಿದ್ದು 14.4 ವಾಟ್ ಎಳೆಯುವ ಇದರಲ್ಲಿ 24 ವೋಲ್ಟಿನದನ್ನೇ ಆರಿಸಿದ್ದು ಸರಿಯಾಯಿತು. ಎರಡೂ ಸುರುಳಿಗಳ ಒಟ್ಟು 144 ವಾಟಿಗೆ 12 ವೋಲ್ಟಿನಲ್ಲಾದರೆ 12 ಆಂಪಿಯರ್ ಹರಿಯಬೇಕಾಗಿದ್ದಲ್ಲಿ ಇಲ್ಲಿ 6 ಆಂಪಿಯರ್ ಸಾಕು, ಆದ್ದರಿಂದ ಪಟ್ಟಿಯ ದೂರದ ತುದಿಯಲ್ಲಿ ಬೆಳಕು ಮಂಕಾಗುವುದೂ ಕಡಿಮೆ. ಪವರ್ ಸಪ್ಲೈಯನ್ನು ಅದರ ಪೂರ್ಣ ಸಾಮರ್ಥ್ಯದವರೆಗೆ ದುಡಿಸಬಾರದೆಂದು 200 ವಾಟಿನದನ್ನು ಕೊಂಡಿದ್ದೆ. ಒಂದೇ ಕಿರಿಕಿರಿಯೆಂದರೆ, ಈ ಪಟ್ಟಿಯನ್ನು 6 ದೀಪಗಳಿಗೊಮ್ಮೆ, ಅಂದರೆ 10 ಸೆಂಟಿಮೀಟರಿಗೊಮ್ಮೆ ಮಾತ್ರ ಕತ್ತರಿಸಬಹುದು. ತೊಲೆಯ ಉದ್ದ ಆ ಲೆಕ್ಕವನ್ನು ಕೇಳುವುದಿಲ್ಲ.

ಆದರೆ ಹಿಂಬದಿಯ ಅಂಟು ಮಾತ್ರ ಶುದ್ಧ ನಿರಾಸೆ. ತೋಪಡಾ ಹಾಕದ ಒರಟು ಮರಕ್ಕೆ ನೇರವಾಗಿ ಅಂಟಿಸಿದ ಮೊದಲ ಸುರುಳಿ ವಾರ ಕಳೆಯುವುದರೊಳಗೆ ಹೂಮಾಲೆಯಂತೆ ಜೋತುಬಿದ್ದಿತ್ತು. ಮರವು ಶಾಖವನ್ನು ಹೀರಿ ಹರಡುವ ವಸ್ತುವೂ ಅಲ್ಲ. ಬಿಸಿ ಹೆಚ್ಚಿದಷ್ಟೂ ಎಲ್‌ಇಡಿಯ ಬಾಳಿಕೆ ಕುಗ್ಗುವುದರಿಂದ, ಸ್ಕ್ರೂ ಹಾಕಿ ಕೂರಿಸಿದ ಅಲ್ಯೂಮಿನಿಯಂ ಚಾನೆಲ್ಲಿನೊಳಗೆ ಪಟ್ಟಿಯನ್ನು ಅಂಟಿಸುವುದು ಅಂದಕ್ಕಾಗಿ ಮಾಡುವ ಖರ್ಚಲ್ಲ. ಹಣ ಉಳಿಸುವುದಿದ್ದರೆ ಬೇರೆಲ್ಲಾದರೂ ಉಳಿಸಿರಿ.

ಇನ್ನು ಅದನ್ನು ಎಲ್ಲಿ ಕೂರಿಸಬೇಕೆಂಬ ಪ್ರಶ್ನೆ. ಬೆಳಕು ಕಣ್ಣಿಗೆ ಹೊಡೆಯದಿರಲೆಂದು ಮೊದಲು ತೊಲೆಗಳ ಪಕ್ಕದ ಮೈಗೆ ಕೂರಿಸಿದ್ದೆ. ಎದುರಿನ ತೊಲೆ ಅಡ್ಡಬಂದು ಗೋಡೆಯ ಮೇಲೆಲ್ಲ ಪಟ್ಟೆಪಟ್ಟೆ ನೆರಳು ಮೂಡಿತು. ಎಲ್ಲವನ್ನೂ ಬಿಚ್ಚಿ ತೊಲೆಗಳ ಕೆಳಮೈಗೆ ತಂದು, ಚಾನೆಲ್ಲಿಗೆ ಹಾಲುಬಿಳುಪಿನ ಮುಚ್ಚಳ ಹಾಕಿದ ಮೇಲೆ ತೊಲೆಯ ನೆರಳೂ ಹೋಯಿತು, ಚುಕ್ಕಿಚುಕ್ಕಿಯಾಗಿ ಕಾಣುತ್ತಿದ್ದ ದೀಪಗಳೂ ಒಂದೇ ಗೆರೆಯಾದವು. ಚಾನೆಲ್ ಅಡಗಲೆಂದು ತೊಲೆಯ ಕೆಳಮೈಯನ್ನು ಕೊರೆದು ಕಾಲುವೆ ತೆಗೆಯುವ ಆಸೆ ನನಗೂ ಬಂದಿತ್ತು. ಭಾರ ಹೊತ್ತ ತೊಲೆಯಲ್ಲಿ ಎಳೆತ ಹೆಚ್ಚಿರುವುದು ಕೆಳಗಿನ ಪದರದಲ್ಲೇ ಆದ್ದರಿಂದ ಅಲ್ಲಿ ಉಳಿ ಇಡದಿರುವುದೇ ಕ್ಷೇಮ.

ಜೊತೆಗೆ ಬಂದಿದ್ದ ಒತ್ತಿ ಕೂರಿಸುವ ಕನೆಕ್ಟರುಗಳು ಒಂದೊಂದಾಗಿ ಸಡಿಲವಾದವು. ಈಗ ಎಲ್ಲ ಜೋಡಣೆಗಳಿಗೂ ಬೆಸುಗೆ ಹಾಕಿದ್ದೇನೆ. ಗಾಳಿಕಿಂಡಿಗಳಿರುವ ಪವರ್ ಸಪ್ಲೈಯೊಳಗೆ ಮರದ ಹುಡಿ ಸೇರದಂತೆ ಅದನ್ನು ಗರಗಸದಿಂದ ದೂರದ ಗೋಡೆಯ ಮೇಲಿಟ್ಟು, ಮುಖ್ಯ ವಿದ್ಯುತ್ತಿನ ಜೋಡಣೆಯನ್ನು ಮಾತ್ರ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಿದೆ.

ಬೆಳಕು ತಗ್ಗಿಸುವ ಡಿಮ್ಮರನ್ನು ಕೆಲವು ದಿನ ಬಳಸಿ ತೆಗೆದುಹಾಕಿದೆ. ಅಗ್ಗದ ಡಿಮ್ಮರುಗಳು ದೀಪವನ್ನು ವೇಗವಾಗಿ ಆರಿಸಿ ಹೊತ್ತಿಸುವುದರ ಮೂಲಕವೇ ಬೆಳಕನ್ನು ತಗ್ಗಿಸುತ್ತವೆ, ಆ ಮಿಣುಕಿನಲ್ಲಿ ತಿರುಗುತ್ತಿರುವ ಗರಗಸದ ಅಲಗು ನಿಂತಂತೆ ತೋರಬಹುದು. ಈಗಿರುವುದು ಸಾದಾ ಸ್ವಿಚ್ಚು ಮಾತ್ರ.