ಎರಡನೇ ಸಂಬಂಧ ಅಂತ ಬಂದರೆ ಬಿಡುಗಡೆ ಪತ್ರ ನಂಬಬೇಡಿ, ಕೋರ್ಟ್ ಡಿಕ್ರಿ ಕೇಳಿ

ಹುಡುಗನಿಗೆ ಮೊದಲು ಒಂದು ಮದುವೆ ಆಗಿತ್ತು, ಈಗ ಎಲ್ಲಾ ಇತ್ಯರ್ಥವಾಗಿದೆ ಅಂತ ಹೇಳಿಕೊಂಡು ನಿಮ್ಮ ಮನೆಗೆ ಸಂಬಂಧ ಬಂದಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಹುಡುಗಿಗೆ ಮೊದಲ ಮದುವೆ ಆಗಿದ್ದರೂ ಇದೇ ಮಾತು. ನನ್ನ ತಂಗಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು, ಅವಳ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ.

ಹುಡುಗನ ಕಡೆಯವರು ನಮಗೆ ತೋರಿಸಿದ್ದು ಒಂದು ಛಾಪಾ ಕಾಗದ. ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ ‘ವಿವಾಹ ಬಿಡುಗಡೆ ಪತ್ರ’ ಅಂತಿತ್ತು. ಹಿರಿಯರ ಸಮಕ್ಷಮ ಸ್ವಇಚ್ಛೆಯಿಂದ ಬೇರೆಯಾಗಿದ್ದೇವೆ, ಒಬ್ಬರ ಮೇಲೊಬ್ಬರಿಗೆ ಯಾವ ಹಕ್ಕೂ ಇಲ್ಲ, ಬೇರೆ ಮದುವೆ ಆಗಲು ತಕರಾರಿಲ್ಲ ಅಂತೆಲ್ಲ ಬರೆದಿತ್ತು. ಕೆಳಗೆ ಇಬ್ಬರ ಸಹಿ, ಸಾಕ್ಷಿಗಳ ಸಹಿ, ಒಬ್ಬರ ಹೆಬ್ಬೆಟ್ಟು, ನೋಟರಿಯ ಗುಂಡನೆ ಸೀಲು. ನೋಡಿದ ಯಾರಿಗಾದರೂ ಇದು ಪಕ್ಕಾ ದಾಖಲೆ ಅಂತಲೇ ಅನ್ನಿಸುತ್ತದೆ.

ಮದುವೆ ಛತ್ರದಲ್ಲಿ ಶಾಸ್ತ್ರೋಕ್ತವಾಗಿ ಆಯಿತು. ಧಾರೆ, ಮಾಂಗಲ್ಯ, ಸಪ್ತಪದಿ ಒಂದೂ ಬಿಡಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯೂ ಆಯಿತು. ಕೆಲವು ವರ್ಷ ಕಳೆದ ಮೇಲೆ ಅವನು ಅವಳನ್ನೂ ಮಗುವನ್ನೂ ತವರಿಗೆ ತಂದುಬಿಟ್ಟು ಹೋದ. ಜೀವನಾಂಶಕ್ಕೆ ಕೇಸ್ ಹಾಕಿದೆವು. ಅದಕ್ಕೆ ಅವನು ಸಲ್ಲಿಸಿದ ತಕರಾರು ಓದಿ ನಮಗೆಲ್ಲ ಕೈಕಾಲು ತಣ್ಣಗಾಯಿತು. ನನ್ನ ಮೊದಲ ಮದುವೆ ಕಾನೂನಿನ ಪ್ರಕಾರ ಇನ್ನೂ ಇದೆ, ಹಾಗಾಗಿ ಅರ್ಜಿದಾರಳು ನನ್ನ ಹೆಂಡತಿಯೇ ಅಲ್ಲ ಅಂತ ಬರೆದಿದ್ದ. ಮೊದಲ ಹೆಂಡತಿ ಬದುಕಿದ್ದಾಳೆ, ವಿಚ್ಛೇದನ ಯಾವತ್ತೂ ಆಗಿಯೇ ಇರಲಿಲ್ಲ. ನಮಗೆ ತೋರಿಸಿ ಒಪ್ಪಿಸಿದ ಅದೇ ಪತ್ರಕ್ಕೆ ಬೆಲೆ ಇಲ್ಲ ಅಂತ ಅವನೇ ಕೋರ್ಟಿನಲ್ಲಿ ವಾದ ಮಾಡಿದ. ಇದಕ್ಕಿಂತ ದೊಡ್ಡ ಮೋಸ ಇನ್ನೇನಿದೆ ಹೇಳಿ.

ಆದರೆ ಕಾನೂನು ಹಾಗೇ ಇದೆ. 1955ರ ಹಿಂದೂ ವಿವಾಹ ಕಾಯ್ದೆಯ 5ನೇ ಸೆಕ್ಷನ್‌ನಲ್ಲಿ ಮೊದಲ ಷರತ್ತೇ ಇದು: ಮದುವೆಯ ಹೊತ್ತಿಗೆ ಇಬ್ಬರಲ್ಲಿ ಯಾರಿಗೂ ಬದುಕಿರುವ ಗಂಡ ಅಥವಾ ಹೆಂಡತಿ ಇರಬಾರದು. ಇದ್ದರೆ 11ನೇ ಸೆಕ್ಷನ್ ಪ್ರಕಾರ ಆ ಮದುವೆ ಶೂನ್ಯ, ಅಂದರೆ ಆಗಿಯೇ ಇಲ್ಲ. ಎಷ್ಟು ಜನ ಅಕ್ಷತೆ ಹಾಕಿದರು, ಎಷ್ಟು ವರ್ಷ ಸಂಸಾರ ಮಾಡಿದರು ಅನ್ನುವುದರಿಂದ ಅದು ಬದಲಾಗುವುದಿಲ್ಲ. ಉಳಿದ ಷರತ್ತುಗಳು ಜಾಸ್ತಿ ಜನಕ್ಕೆ ಗೊತ್ತಿರುವಂಥವೇ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು, ಒಪ್ಪಿಗೆ ಕೊಡುವಷ್ಟು ಬುದ್ಧಿ ಸ್ಥಿಮಿತದಲ್ಲಿರಬೇಕು, ತೀರಾ ಹತ್ತಿರದ ರಕ್ತಸಂಬಂಧ ಇರಬಾರದು. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗುವ ಪದ್ಧತಿ ಇರುವ ಸಮುದಾಯಗಳಿಗೆ ಮಾತ್ರ ಇದರಲ್ಲಿ ವಿನಾಯಿತಿ ಇದೆ.

ನೋಂದಣಿ ಆಗಿದೆಯಲ್ಲ ಅಂತ ತುಂಬಾ ಜನ ಕೇಳಿದರು. ನೋಂದಣಿ ಅಂದರೆ ನಡೆದ ಮದುವೆಗೆ ಒಂದು ದಾಖಲೆ, ಅಷ್ಟೇ. ಶೂನ್ಯವಾದ ಮದುವೆಗೆ ಅದು ಜೀವ ಕೊಡುವುದಿಲ್ಲ. ಆಮೇಲೆ ಅರ್ಜಿಯ ನಕಲು ತೆಗೆಸಿ ನೋಡಿದರೆ, ಅವರ ಕಡೆಯ ಏಜೆಂಟ್ ತುಂಬಿದ್ದ ಆ ಫಾರಂನಲ್ಲಿ ವರನ ವೈವಾಹಿಕ ಸ್ಥಿತಿ ಅನ್ನುವ ಜಾಗದಲ್ಲಿ ‘ಅವಿವಾಹಿತ’ ಅಂತಿತ್ತು. ವಿಚ್ಛೇದಿತ ಅಂತ ಬರೆದಿದ್ದರೆ ಡಿಕ್ರಿ, ಅಂದರೆ ವಿಚ್ಛೇದನ ಕೊಟ್ಟ ಕೋರ್ಟ್ ಆದೇಶ, ಎಲ್ಲಿ ಅಂತ ಕೇಳುತ್ತಿದ್ದರು, ಅದಕ್ಕೇ ಹಾಗೆ ಬರೆಸಿದ್ದಾರೆ. ಸಹಿ ಹಾಕುವ ಮೊದಲು ಆ ಒಂದು ಸಾಲು ಓದಿ.

ಸರ್ಟಿಫಿಕೇಟ್ ಒಂದಿದ್ದರೆ ಸಾಕು ಅನ್ನುವವರಿಗೂ ಒಂದು ಮಾತು. ಶಾಸ್ತ್ರವೇ ನಡೆಯದೆ ಬರೀ ಸರ್ಟಿಫಿಕೇಟ್ ಮಾಡಿಸಿದ್ದ ಒಂದು ಜೋಡಿಯದ್ದು ಹಿಂದೂ ವಿವಾಹವೇ ಅಲ್ಲ ಅಂತ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2024ರಲ್ಲಿ ಹೇಳಿದೆ. ಶಾಸ್ತ್ರ ಬೇಡ ಅನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಅದರಲ್ಲಿ 30 ದಿನದ ನೋಟಿಸ್, ವಿವಾಹಾಧಿಕಾರಿ, ಮೂವರು ಸಾಕ್ಷಿಗಳು ಬೇಕು. ಅಲ್ಲೂ ಬದುಕಿರುವ ಸಂಗಾತಿ ಇರಬಾರದು ಅನ್ನುವ ಷರತ್ತು ತಪ್ಪಿದ್ದಲ್ಲ.

ಹಾಗಾದರೆ ಏನು ಕೇಳಬೇಕು? ಕೋರ್ಟ್ ಕೊಟ್ಟ ವಿಚ್ಛೇದನದ ಡಿಕ್ರಿಯ ದೃಢೀಕೃತ ಪ್ರತಿ. ಜೆರಾಕ್ಸ್ ಬೇಡ, ವಾಟ್ಸಾಪ್ ಫೋಟೋ ಬೇಡ. ಅದರಲ್ಲಿರುವ ಕೇಸ್ ನಂಬರ್ ಹಾಕಿ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು. ಡಿಕ್ರಿ ಬಂದ ಮಾರನೇ ದಿನವೇ ಮುಹೂರ್ತ ಇಡಬೇಡಿ. ಮೇಲ್ಮನವಿಗೆ 90 ದಿನ ಇರುತ್ತದೆ, ಅದು ಮುಗಿದಿದೆಯಾ, ಮೇಲ್ಮನವಿ ಏನಾದರೂ ಬಾಕಿ ಇದೆಯಾ ಅಂತ ವಕೀಲರಿಂದ ಖಚಿತ ಮಾಡಿಕೊಳ್ಳಿ. ಮೊದಲ ಸಂಗಾತಿ ತೀರಿಕೊಂಡಿದ್ದಾರೆ ಅಂದರೆ ಮರಣ ಪ್ರಮಾಣಪತ್ರ ಕೇಳಿ. ನಮ್ಮ ಜಾತಿಯಲ್ಲಿ ಪಂಚಾಯಿತಿಯಲ್ಲೇ ಬಿಡುಗಡೆ ಆಗುತ್ತದೆ ಅಂತ ಹೇಳುತ್ತಾರೆ. ಅಂಥ ರೂಢಿಗೆ ಕಾನೂನಿನಲ್ಲಿ ಜಾಗ ಇರುವುದು ನಿಜ, ಆದರೆ ಆ ರೂಢಿ ಇದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡುವ ಹೊಣೆ ನಿಮ್ಮ ತಲೆಗೇ ಬರುತ್ತದೆ. ಅದು ಸುಲಭ ಅಲ್ಲ. ನೋಟರಿಗಳಿಗಂತೂ ಮದುವೆ ಮಾಡಿಸುವ, ಮುರಿಯುವ ಪತ್ರ ಮಾಡಿಕೊಡುವ ಅಧಿಕಾರವೇ ಇಲ್ಲ.

ಕೇಳಿದರೆ ಅವರಿಗೆ ಬೇಜಾರಾಗುತ್ತದೆ ಅಂತ ಹಿಂಜರಿಯಬೇಡಿ. ನಿಜವಾಗಿ ಡಿಕ್ರಿ ಇರುವವರು ಕೇಳುವ ಮೊದಲೇ ತೆಗೆದು ತೋರಿಸುತ್ತಾರೆ.

ಈಗಾಗಲೇ ಇದರಲ್ಲಿ ಸಿಕ್ಕಿಕೊಂಡಿದ್ದರೆ ಎಲ್ಲಾ ಮುಗಿಯಿತು ಅಂದುಕೊಳ್ಳಬೇಡಿ. ಮದುವೆ ಶೂನ್ಯವಾದರೂ ಹಿಂದೂ ವಿವಾಹ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಮಕ್ಕಳು ಔರಸ, ಅಂದರೆ ಕಾನೂನುಬದ್ಧ ಮಕ್ಕಳೇ. ತಂದೆಯ ಪಾಲಿಗೆ ಬರುವ ಪಿತ್ರಾರ್ಜಿತ ಆಸ್ತಿಯಲ್ಲೂ ಅವರಿಗೆ ಹಕ್ಕಿದೆ ಅಂತ ಕರ್ನಾಟಕದಿಂದಲೇ ಹೋಗಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಮೊದಲ ಮದುವೆ ಮುಚ್ಚಿಟ್ಟು ಮೋಸ ಮಾಡಿದವನು ಅದನ್ನೇ ನೆಪ ಮಾಡಿ ಜೀವನಾಂಶ ತಪ್ಪಿಸಿಕೊಳ್ಳುವಂತಿಲ್ಲ ಅಂತ 2013ರ ತೀರ್ಪಿದೆ. ಮದುವೆ ಶೂನ್ಯ ಅಂತ ಘೋಷಣೆಯಾದರೂ ಶಾಶ್ವತ ಜೀವನಾಂಶ ಕೇಳಬಹುದು ಅಂತ 2025ರಲ್ಲಿ ಇನ್ನೊಂದು ತೀರ್ಪು ಬಂದಿದೆ. ತಂಗಿಯ ಕೇಸ್ ಈಗ ಇವುಗಳ ಮೇಲೇ ನಡೆಯುತ್ತಿದೆ. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.