ಜೇಬಿನ ಸ್ಕೆಚ್ ಪುಸ್ತಕ: ಅಂಗಡಿಯದ್ದೋ, ಬೈಂಡರ್ ಹೊಲಿದದ್ದೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬೆಂಗಳೂರಿನ ಅವೆನ್ಯೂ ರಸ್ತೆಯ ಬೈಂಡರ್ ಹೊಲಿದುಕೊಟ್ಟ ಪುಸ್ತಕಕ್ಕೆ. ಉಳಿದ ಎರಡರ ಬಗ್ಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ಅದರಲ್ಲಿ ಒಂದಕ್ಕೆ ಸುರಿದ ದುಡ್ಡಿನಲ್ಲಿ ಇಂಥ ಐದು ಪುಸ್ತಕ ಹೊಲಿಸಬಹುದಿತ್ತು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ.

ಮೂರೂ ಜೇಬಿಗೆ ಹಿಡಿಯುವಂಥವೇ. ಒಂದು, ಕಪ್ಪು ರಟ್ಟಿನ, ಎಲಾಸ್ಟಿಕ್ ಪಟ್ಟಿಯ ವಿದೇಶಿ ಪುಸ್ತಕ. ಆನ್‌ಲೈನ್‌ನಲ್ಲಿ 1,450 ರೂಪಾಯಿ ಕೊಟ್ಟು ತರಿಸಿದ್ದು. ಎರಡು, ಮನೆ ಹತ್ತಿರದ ಸ್ಟೇಷನರಿ ಅಂಗಡಿಯ ಎ6 ವೈರೋ ಪ್ಯಾಡ್, ಅಂದರೆ ಹಾಳೆಗಳನ್ನು ತಂತಿಯಲ್ಲಿ ಪೋಣಿಸಿದ್ದು, 160 ರೂಪಾಯಿ. ಮೂರು, ನಾನೇ ಕಾರ್ಟ್ರಿಜ್ ಹಾಳೆ (ಚಿತ್ರ ಬಿಡಿಸುವ ದಪ್ಪ ಕಾಗದ) ತಂದುಕೊಟ್ಟು ಹೊಲಿಸಿದ್ದು. ಹಾಳೆ, ಕೂಲಿ ಎಲ್ಲ ಸೇರಿ 280.

ನಾನು ಬಿಡಿಸುವುದು ಬಸ್ಸಿನಲ್ಲಿ, ಬಸ್ ಸ್ಟಾಪಿನಲ್ಲಿ, ಗಾಂಧಿ ಬಜಾರಿನ ಹೋಟೆಲುಗಳಲ್ಲಿ ಕಾಫಿ ಬರುವ ತನಕ. ಮೊದಲು ವಾಟರ್‌ಪ್ರೂಫ್ ಇಂಕಿನ ಪೆನ್ನು, ಆಮೇಲೆ ಸಮಯ ಉಳಿದರೆ ಒಂದೆರಡು ಬಣ್ಣ ತೆಳ್ಳಗೆ. ಮೇಜು ಸಿಗುವುದು ಅಪರೂಪ. ಎಡಗೈಯೇ ಮೇಜು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ. ಮನೆಯಲ್ಲಿ ಆರಾಮಾಗಿ ಕೂತು ಬಿಡಿಸುವವರಿಗೆ ನನ್ನ ಗೋಳು ಅತಿ ಅನ್ನಿಸಬಹುದು.

ನೋಟಕ್ಕೆ ವಿದೇಶಿ ಪುಸ್ತಕವೇ ಮುಂದು, ಅದರಲ್ಲಿ ಎರಡು ಮಾತಿಲ್ಲ. ಮೂಲೆಗಳನ್ನು ಗುಂಡಗೆ ಕತ್ತರಿಸಿದ್ದಾರೆ. ನಡುವೆ ರಿಬ್ಬನ್, ಹಿಂದಿನ ರಟ್ಟಿನ ಒಳಗೆ ಬಸ್ ಟಿಕೆಟ್ ಇಡಲು ಒಂದು ಪುಟ್ಟ ಪಾಕೆಟ್. ಹಾಳೆ ಕೆನೆಬಣ್ಣದ್ದು, ಕಪ್ಪು ಇಂಕು ಅದರ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ. ಬೆನ್ನಿನ ಮೇಲ್ತುದಿಯಲ್ಲಿ ಕೆಂಪು-ಬಿಳಿ ದಾರದ ಪಟ್ಟಿಯೂ ಇದೆ. ನೋಡಿದವರು ಇದು ಹೊಲಿದ ಪುಸ್ತಕ ಅಂದುಕೊಳ್ಳಬೇಕು, ಹಾಗಿದೆ. ಆದರೆ ಆ ಪಟ್ಟಿ ಬರೀ ಶೋಕಿ. ರೆಡಿಮೇಡ್ ಟೇಪನ್ನು ಕತ್ತರಿಸಿ ಅಂಟಿಸುತ್ತಾರೆ, ಅಷ್ಟೇ. ಈಗ ಬರುವ ಎಷ್ಟೋ ಪುಸ್ತಕಗಳಲ್ಲಿ ಅದಕ್ಕೂ ಹೊಲಿಗೆಗೂ ಸಂಬಂಧವೇ ಇರುವುದಿಲ್ಲ.

ಕಾಟ ಶುರುವಾಗುವುದು ಅದನ್ನು ತೆರೆದಾಗ. ತೆರೆದರೆ ನಿಲ್ಲುವುದೇ ಇಲ್ಲ! ಕೈ ಬಿಟ್ಟ ಕೂಡಲೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಎಡಗೈ ಹೆಬ್ಬೆರಳು ಸದಾ ನಡುವೆ ಒತ್ತಿಕೊಂಡೇ ಇರಬೇಕು. ಹೆಬ್ಬೆರಳು ಇರುವ ಜಾಗದಲ್ಲಿ ಬಿಡಿಸಲು ಆಗುವುದಿಲ್ಲ. ಎರಡು ಪುಟ ಸೇರಿಸಿ ಬೀದಿಯ ಅಗಲ ನೋಟ ಹಿಡಿಯೋಣ ಅಂದರೆ ನಡುವಿನ ಕಂದರದಲ್ಲಿ ಒಂದು ಮನೆಯೇ ಮುಳುಗಿಹೋಗುತ್ತದೆ. ಮೊದಮೊದಲು ಹೊಸ ಪುಸ್ತಕ, ಬಳಸುತ್ತಾ ಬಳಸುತ್ತಾ ಸಡಿಲ ಆಗುತ್ತದೆ ಅಂದುಕೊಂಡಿದ್ದೆ. ಸಡಿಲ ಆಯಿತು, ಆದರೆ ಬೇರೆ ರೀತಿ. ಅದಕ್ಕೆ ಆಮೇಲೆ ಬರುತ್ತೇನೆ.

ಬಣ್ಣ ಹಚ್ಚಿದರೆ ಇನ್ನೊಂದು ರಗಳೆ. ಒದ್ದೆಯಾದ ಹಾಳೆ ಬೆನ್ನಿನ ಹತ್ತಿರ ಅಲೆ ಅಲೆಯಾಗಿ ಏಳುತ್ತದೆ. ಅಲೆಯ ತಗ್ಗಿನಲ್ಲಿ ನೀರು ನಿಂತು, ಒಣಗಿದ ಮೇಲೆ ಆಕಾಶದ ತುಂಬಾ ನೀಲಿ ಬರೆ. ಅಷ್ಟರಲ್ಲಿ ಎದುರಿನ ಪುಟ ಮುಚ್ಚಿಕೊಳ್ಳಲು ಬಂದು ಹಸಿ ಬಣ್ಣಕ್ಕೆ ತಾಗಿರುತ್ತದೆ. ಜಯನಗರದ ಬಸ್ ನಿಲ್ದಾಣದ ಚಿತ್ರದಲ್ಲಿ ಗುಲ್‌ಮೊಹರ್ ಮರ ಎರಡೂ ಪುಟದಲ್ಲಿದೆ. ನಾನು ಬಿಡಿಸಿದ್ದು ಒಂದೇ ಮರ. ಕ್ಲಿಪ್ ಹಾಕಿ ನೋಡಿದೆ, ರಬ್ಬರ್ ಬ್ಯಾಂಡ್ ಹಾಕಿ ನೋಡಿದೆ. ಜೇಬಿನಿಂದ ತೆಗೆದು ಎರಡು ಗೆರೆ ಎಳೆದು ಮತ್ತೆ ಜೇಬಿಗೆ ಹಾಕುವ ಪುಸ್ತಕಕ್ಕೆ ಇಷ್ಟೆಲ್ಲ ಉಪಚಾರ ಮಾಡಬೇಕಾ?

ಒಂದು ದಿನ ಪೂರ್ತಿ ತೆರೆದು ಅಂಗೈಯಿಂದ ಒತ್ತಿದೆ. ಟಕ್ ಅಂದಿತು. ಬೆನ್ನಿನ ಅಂಟು ಬಿರುಕುಬಿಟ್ಟು ಹಾಳೆಗಳು ಒಂದೊಂದಾಗಿ ಕೈಗೆ ಬಂದವು. ಒಳಗೆ ದಾರದ ಸುಳಿವೇ ಇಲ್ಲ. ಬಿಡಿ ಹಾಳೆಗಳನ್ನು ಜೋಡಿಸಿ ಬೆನ್ನಿಗೆ ಅಂಟು ಬಳಿದಿದ್ದರು. ಮಾರಿದವರಿಗೆ ಬರೆದರೆ, ವಾಪಸ್ ಮಾಡುವ ಅವಧಿ ಮುಗಿದಿದೆ ಎಂದು ನಯವಾದ ಉತ್ತರ ಬಂತು.

ಆ ಪುಸ್ತಕದ ಸಮೇತ ಬೈಂಡರ್ ಹತ್ತಿರ ಹೋದೆ. ವಯಸ್ಸಾದವರು, ಹೆಚ್ಚು ಮಾತಿಲ್ಲ. ಒಂದು ಹಾಳೆ ಎತ್ತಿಕೊಂಡು, ಮಡಿಸದೆ, ಸುಮ್ನೆ ಉದ್ದಕ್ಕೊಮ್ಮೆ ಅಗಲಕ್ಕೊಮ್ಮೆ ಬಾಗಿಸಿದರು. "ನೋಡಿ ಮೇಡಂ, ಈ ಕಡೆ ಬಗ್ಗುತ್ತೆ, ಈ ಕಡೆ ಬಗ್ಗಲ್ಲ. ಬಗ್ಗದ ಕಡೆಗೇ ಬೆನ್ನು ಕೊಟ್ಟಿದಾರೆ" ಅಂದರು.

ವಿಷಯ ಇಷ್ಟೇ. ಮಿಷನ್ನಿನಲ್ಲಿ ಕಾಗದ ತಯಾರಾಗುವಾಗ ಅದರ ನಾರುಗಳು ಹೆಚ್ಚಾಗಿ ಮಿಷನ್ ಓಡುವ ದಿಕ್ಕಿಗೇ ಮಲಗುತ್ತವೆ. ನ್ಯೂಸ್ ಪೇಪರನ್ನು ಮೇಲಿಂದ ಕೆಳಕ್ಕೆ ಹರಿದು ನೋಡಿ, ನೇರ ಬರುತ್ತದೆ. ಅಡ್ಡಕ್ಕೆ ಹರಿದರೆ ಅಂಕುಡೊಂಕು. ನಾರು ಮಲಗಿದ ದಿಕ್ಕಿನ ಉದ್ದಕ್ಕೇ ಮಡಿಸಿದರೆ ಹಾಳೆ ಹೇಳಿದ ಮಾತು ಕೇಳುತ್ತದೆ, ಅಡ್ಡಕ್ಕೆ ಮಡಿಸಿದರೆ ಸೆಟೆದು ನಿಲ್ಲುತ್ತದೆ. ನೀರು ಬಿದ್ದಾಗ ನಾರು ದಪ್ಪ ಆಗುತ್ತದೆಯೇ ಹೊರತು ಉದ್ದ ಆಗುವುದು ಕಡಿಮೆ. ಹಾಗಾಗಿ ಹಾಳೆ ಹಿಗ್ಗುವುದು ನಾರಿಗೆ ಅಡ್ಡವಾಗಿ. ನಾರು ಬೆನ್ನಿಗೆ ಅಡ್ಡ ಇದ್ದರೆ ಹಾಳೆ ಬೆನ್ನಿನ ಉದ್ದಕ್ಕೂ ಹಿಗ್ಗಬೇಕು. ಅಲ್ಲಿ ಅಂಟು ಬಿಗಿಯಾಗಿ ಹಿಡಿದಿರುತ್ತದೆ. ಹೋಗಲು ಜಾಗ ಇಲ್ಲದೆ ಅಲೆ ಏಳುತ್ತದೆ. ನನ್ನ ಆಕಾಶದ ಬರೆಗಳಿಗೆ ಕಾರಣ ಅದು. 1,450 ರೂಪಾಯಿಯ ಪುಸ್ತಕ ಮಾಡಿದವರಿಗೆ ಇದು ಗೊತ್ತಿಲ್ಲದೇ ಇರುತ್ತದೆಯೇ? ಕಾಗದ ಉಳಿತಾಯ ಆಗುವ ಹಾಗೆ ಕತ್ತರಿಸಿರಬೇಕು ಎಂಬುದು ನನ್ನ ಅನುಮಾನ.

ಹೊಲಿಸಿದ ಪುಸ್ತಕದ ಲೆಕ್ಕ ನನಗೆ ಬಹಳ ಇಷ್ಟ. 22×30 ಇಂಚಿನ ಒಂದು ದೊಡ್ಡ ಹಾಳೆಯನ್ನು ಎರಡೂ ಕಡೆ ನಾಲ್ಕು ನಾಲ್ಕು ಭಾಗ ಮಾಡಿದರೆ 5.5×7.5 ಇಂಚಿನ 16 ತುಂಡು. ಒಂದೊಂದನ್ನೂ ನಡುವೆ ಮಡಿಸಿ, ನಾಲ್ಕು ನಾಲ್ಕು ಸೇರಿಸಿದರೆ 16 ಪುಟದ ನಾಲ್ಕು ಕಂತೆ. ಒಂದೇ ಹಾಳೆಗೆ 64 ಪುಟದ ಪುಸ್ತಕ ಆಯಿತು, ಅಂಗೈ ಅಗಲಕ್ಕೆ. ಇದು ಹಾಳೆಯ ನಾರು 22 ಇಂಚಿನ ಕಡೆಗೆ ಇದ್ದರೆ ಮಾತ್ರ. 30ರ ಕಡೆಗೆ ಇದ್ದರೆ ಆ ಕಡೆ ಐದು ಭಾಗ, ಈ ಕಡೆ ಮೂರು ಭಾಗ. ಆಗ 15 ತುಂಡು, 60 ಪುಟ, ಪುಸ್ತಕ ಅರ್ಧ ಇಂಚು ಹೆಚ್ಚು ಎತ್ತರ. ಕತ್ತರಿಸುವ ಮೊದಲು ಹಾಳೆ ಬಾಗಿಸಿ ನೋಡಿಕೊಳ್ಳಲು ಒಂದು ನಿಮಿಷ ಸಾಕು. ನನ್ನದು ಎರಡು ಹಾಳೆಯ ಪುಸ್ತಕ, 128 ಪುಟ. ದಾರದಲ್ಲಿ ಹೊಲಿದಿರುವುದರಿಂದ ಪ್ರತಿ ಕಂತೆಯ ನಡುಪುಟ ಚಪ್ಪಟೆಯಾಗಿ ಬಿದ್ದುಕೊಳ್ಳುತ್ತದೆ, ಉಳಿದವೂ ಹೆಚ್ಚುಕಡಿಮೆ ಹಾಗೇ. ಹೆಬ್ಬೆರಳಿಗೆ ಈಗ ರಜ.

ಅಂಗಡಿಯಲ್ಲೇ ಕೊಳ್ಳುವುದಾದರೆ ಪುಸ್ತಕದ ನೆತ್ತಿ, ಅಂದರೆ ಬೆನ್ನಿನ ಮೇಲ್ತುದಿ ನೋಡಿ. ಹೊಲಿದದ್ದಾದರೆ ಮಡಿಕೆಗಳು ಸಣ್ಣ ಸಣ್ಣ ಗುಂಡು ಗುಂಪಾಗಿ ಕಾಣುತ್ತವೆ. ಆ ಗುಂಪಿನ ನಡುಪುಟ ತೆರೆದರೆ ಹೊಲಿಗೆ ಕಣ್ಣಿಗೆ ಬೀಳುತ್ತದೆ. ಬಿಡಿ ಹಾಳೆ ಅಂಟಿಸಿದ್ದಾದರೆ ನೆತ್ತಿ ಸಪಾಟು. ಬಣ್ಣದ ಪಟ್ಟಿ ನೋಡಿ ಮರುಳಾಗಬೇಡಿ. ಪ್ಲಾಸ್ಟಿಕ್ ಸುತ್ತಿ ಸೀಲ್ ಮಾಡಿದ್ದರೆ ಮಾತ್ರ ನಸೀಬು.

ಇನ್ನು ಹಾಳೆಯ ಗುಣ. ಎಲ್ಲರೂ ಕೇಳುವುದು ಎಷ್ಟು ಜಿಎಸ್‌ಎಂ ಅಂತ. ಜೆರಾಕ್ಸ್ ಹಾಳೆ 70ರಿಂದ 80, ಕಾರ್ಟ್ರಿಜ್ 140ರ ಆಸುಪಾಸು, ಜಲವರ್ಣಕ್ಕೆಂದೇ ಮಾಡುವ ದಪ್ಪ ಹಾಳೆ 300. ಇದು ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ, ಅಷ್ಟೇ. ಇಂಕು ಹರಡುತ್ತದೋ ಇಲ್ಲವೋ ಅಂತ ತೂಕ ಹೇಳುವುದಿಲ್ಲ. ಅದನ್ನು ತೀರ್ಮಾನಿಸುವುದು ಕಾಗದ ಮಾಡುವಾಗ ನೀರು ತಡೆಯಲು ಸೇರಿಸುವ ಗಂಜಿ, ಜೆಲಟಿನ್ ಥರದ ವಸ್ತು. ಅದು ಕಮ್ಮಿಯಾದರೆ ಹಾಳೆ ಒರೆಸುವ ಬಟ್ಟೆಯ ಹಾಗೆ ಇಂಕು ಕುಡಿಯುತ್ತದೆ. ಜಾಸ್ತಿಯಾದರೆ ಬಣ್ಣ ಹನಿ ಹನಿಯಾಗಿ ಮೇಲೆಯೇ ನಿಂತು ಸತಾಯಿಸುತ್ತದೆ. ವಿದೇಶಿ ಪುಸ್ತಕದ ಹಾಳೆ ಈ ಎರಡನೇ ಜಾತಿ. ಪೆನ್ನಿಗೆ ಸ್ವರ್ಗ, ಬಣ್ಣಕ್ಕೆ ತಲೆನೋವು. ನನ್ನ ಕಾರ್ಟ್ರಿಜ್ ನಡುವಿನದು. ತೆಳು ಬಣ್ಣ ತಡೆದುಕೊಳ್ಳುತ್ತದೆ, ಎರಡನೇ ಸಲ ಅದೇ ಜಾಗದಲ್ಲಿ ಬ್ರಷ್ ಉಜ್ಜಿದರೆ ಮೇಲ್ಪದರ ಹಿಂಜಿಕೊಂಡು ಏಳುತ್ತದೆ. ಅಷ್ಟು ಉಜ್ಜುವ ಅಭ್ಯಾಸ ನನಗಿಲ್ಲ.

ಬಿಡಿ ಹಾಳೆ ಕೊಳ್ಳುವಾಗ ಒಂದು ಅನುಕೂಲ, ಮೊದಲು ಒಂದನ್ನೇ ತಂದು ಮೂಲೆಯಲ್ಲಿ ಪರೀಕ್ಷೆ ಮಾಡಬಹುದು. ನಾನು ಇಂಕ್ ಪೆನ್ನಿನಲ್ಲಿ ನಿಧಾನವಾಗಿ ಒಂದು ಗೆರೆ ಎಳೆದು, ಇಂಕು ಹರಡಿ ಅಂಚಿಗೆ ಕಾಲು ಮೂಡುತ್ತವಾ ನೋಡುತ್ತೇನೆ. ಪಕ್ಕದಲ್ಲಿ ಒಂದು ಹನಿ ನೀರು. ಆಮೇಲೆ 4ಬಿ ಪೆನ್ಸಿಲ್ ಗೀಚಿ, ಜೋರಾಗಿ ಅಳಿಸಿ, ಹಾಳೆ ತಿರುಗಿಸಿ ಬೆಳಕಿಗೆ ಹಿಡಿಯುವುದು. ಅಂಗಡಿಯವರು ಇದನ್ನೆಲ್ಲ ಅಲ್ಲೇ ಮಾಡಲು ಬಿಡುವುದಿಲ್ಲ.

ವೈರೋ ಪ್ಯಾಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಪೂರ್ತಿ ಹಿಂದಕ್ಕೆ ಮಡಚಿಕೊಳ್ಳುತ್ತದೆ, ನಿಂತು ಬಿಡಿಸಲು ಅದರಷ್ಟು ಸಲೀಸು ಬೇರೆ ಇಲ್ಲ. ಆದರೆ ಜೀನ್ಸ್ ಹಿಂದಿನ ಜೇಬಿನಲ್ಲಿ ಇಟ್ಟು ಕೂತರೆ ತಂತಿ ಸೊಟ್ಟಗಾಗಿ ಹಾಳೆ ತಿರುಗಿಸಲು ಬರುವುದಿಲ್ಲ. ಹಾಳೆಗಳು ತಂತಿಯಲ್ಲಿ ಆಡುತ್ತಾ ಒಂದಕ್ಕೊಂದು ಉಜ್ಜಿ ಪೆನ್ಸಿಲ್ ಎಲ್ಲ ಮಸಿ. ಎರಡು ಪುಟದ ಚಿತ್ರದ ನಡುವೆ ತಂತಿ ಅಡ್ಡ. ನೋಟ? ರಟ್ಟಿನ ಮೇಲೆ ಯಾರದೋ ಚಿತ್ರ ಅಚ್ಚು ಹಾಕಿರುತ್ತಾರೆ, ಒಳಗೆ ನಮ್ಮದು ಸಪ್ಪೆ ಕಾಣಲಿ ಅಂತ ಇರಬೇಕು.

ಕರಕುಶಲ ಮೇಳಗಳಲ್ಲಿ ಹೂವಿನ ಎಸಳು ಸೇರಿಸಿ ಮಾಡಿದ ಕೈಕಾಗದದ ಪುಸ್ತಕ ಸಿಗುತ್ತದಲ್ಲ, ಅದು ಚಂದ. ಅದರಲ್ಲಿ ಬಿಡಿಸಬೇಡಿ.

ಹೊಲಿಸಿದ ಪುಸ್ತಕದಲ್ಲಿ ಕೊರತೆ ಇಲ್ಲವೆಂದಲ್ಲ. ಮೂಲೆ ಗುಂಡಗೆ ಮಾಡುವ ಸಾಧನ ಬೈಂಡರ್ ಹತ್ತಿರ ಇಲ್ಲ, ಹಾಗಾಗಿ ಚೀಲದಲ್ಲಿ ಹೊರಳಾಡಿ ಮೂಲೆಗಳು ನಜ್ಜುಗುಜ್ಜಾಗಿವೆ. ಹಸಿರು ಕ್ಯಾಲಿಕೊ ಬಟ್ಟೆ ಹಾಕಿದ್ದಾರೆ, ಸರ್ಕಾರಿ ಕಚೇರಿಯ ರಿಜಿಸ್ಟರ್ ಮರಿ ಹಾಕಿದಂತಿದೆ ಅಂತ ನನ್ನ ತಂಗಿ ನಗುತ್ತಾಳೆ. ಮಳೆಗಾಲದಲ್ಲಿ ಬಟ್ಟೆ ಸ್ವಲ್ಪ ಮುಗ್ಗಲು ವಾಸನೆ ಬರುತ್ತದೆ. ಎಲಾಸ್ಟಿಕ್ ಬೇಕಾದರೆ ನಾವೇ ಟೈಲರ್ ಅಂಗಡಿಯಿಂದ ತಂದುಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, "ನಾಳೆ ಬನ್ನಿ ಮೇಡಂ" ಅಂದರೆ ನಾಳೆಯೇ ಹೋಗಬಾರದು. ಶಾಲೆ ಶುರುವಾಗುವ ಸೀಸನ್ನಿನಲ್ಲಂತೂ ನಮ್ಮ ಒಂದು ಪುಸ್ತಕಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ.

ಬರೀ ಪೆನ್ಸಿಲ್ ಹಿಡಿಯುವವರು, ಹಾಳೆ ಹರಿದು ಬಿಸಾಡಲು ಹಿಂಜರಿಯದವರು ವೈರೋ ಪ್ಯಾಡನ್ನೇ ಕೊಳ್ಳಿ, ಮೇಲೊಂದು ತೆಳು ಹಾಳೆ ಅಡ್ಡ ಇಟ್ಟುಕೊಂಡರೆ ಮಸಿ ಕಡಿಮೆ. ವಿದೇಶಿ ಪುಸ್ತಕಗಳಲ್ಲಿ ಚೆನ್ನಾಗಿ ಹೊಲಿದವೂ ಇವೆ, ಕೈಯಲ್ಲಿ ಹಿಡಿದು ತೆರೆದು ನೋಡಿ ಕೊಳ್ಳುವ ಹಾಗಿದ್ದರೆ ಮಾತ್ರ ಆ ಬೆಲೆ ಕೊಡಿ. ಪ್ರತಿ ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋದಾಗ ಅಲ್ಲಿ ಬಿಡಿಸುತ್ತಾ ಕೂತವರ ಕೈಯಲ್ಲಿರುವ ಪುಸ್ತಕ ಗಮನಿಸಿ, ಕೇಳಿದರೆ ಖುಷಿಯಿಂದಲೇ ತೋರಿಸುತ್ತಾರೆ.

ನನಗೆ ತಿಂಗಳಿಗೆ ಇದಕ್ಕೆಂದು ಖರ್ಚು ಮಾಡಲು ಆಗುವುದು ಮುನ್ನೂರು ರೂಪಾಯಿ, ಅದರೊಳಗೆ ಹೊಲಿಸಿದ್ದು ಕೂರುತ್ತದೆ. ಮುಂದಿನದಕ್ಕೆ ಕೊನೆಯ ಒಂದು ಕಂತೆ ಮಾತ್ರ 300 ಜಿಎಸ್‌ಎಂ ಹಾಳೆ ಹಾಕಿಸಬೇಕೆಂದಿದ್ದೇನೆ, ಭಾನುವಾರ ಪುರುಸೊತ್ತಿನಲ್ಲಿ ಬಣ್ಣ ಹಚ್ಚಲು. ದಪ್ಪ ಹಾಳೆ ನಾಲ್ಕು ಒಟ್ಟಿಗೆ ಮಡಿಯುವುದಿಲ್ಲ, ಎರಡೆರಡೇ ಹಾಕೋಣ ಅಂದಿದ್ದಾರೆ ಬೈಂಡರ್. ಕೂಲಿ ಇಪ್ಪತ್ತು ರೂಪಾಯಿ ಜಾಸ್ತಿ.