ಹಳೇ ಕ್ಯಾನನ್ ಲೆನ್ಸ್, ಸೋನಿ ಬಾಡಿ, ನಡುವೆ ಒಂದು ಸ್ಪೀಡ್ ಬೂಸ್ಟರ್

ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಸೆನ್ಸರ್‌ಗೆ ಮಾಡಿದ ಫುಲ್ ಫ್ರೇಮ್ ಲೆನ್ಸ್ ಈಗಾಗಲೇ ಮನೆಯಲ್ಲಿದ್ದರೆ ಮಾತ್ರ ಫೋಕಲ್ ರೆಡ್ಯೂಸರ್ ತಗೊಳ್ಳಿ. ಜನ ಸ್ಪೀಡ್ ಬೂಸ್ಟರ್ ಅನ್ನುವುದು ಇದಕ್ಕೇ, ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಕೂರುವ ಗಾಜಿರುವ ಅಡಾಪ್ಟರ್. ಇದಕ್ಕೋಸ್ಕರ ಲೆನ್ಸ್ ಹುಡುಕಿಕೊಂಡು ಹೋಗಬೇಡಿ.

ಹಗಲು ನನಗೆ ಸೊಸೈಟಿಯಲ್ಲಿ ಕೆಲಸ, ರಾತ್ರಿ ಯಕ್ಷಗಾನದ ಫೋಟೋ. ಮೂಡುಬಿದಿರೆ, ಕಾರ್ಕಳ ಕಡೆ ಬಯಲಾಟ ಇದ್ದರೆ ಚೌಕಿಯ (ಕಲಾವಿದರು ವೇಷ ಹಾಕುವ ಜಾಗ) ಮೂಲೆಯಲ್ಲಿ ನಾನೂ ಇರುತ್ತೇನೆ. ಬಹಳ ಕಾಲ ಫುಲ್ ಫ್ರೇಮ್ ಕ್ಯಾನನ್ 6ಡಿ ಹಿಡಿದುಕೊಂಡು ತಿರುಗಿದೆ. ಒಳ್ಳೆ ಕ್ಯಾಮೆರಾ, ಆದರೆ ಬ್ಯಾಟರಿ ಸೇರಿ 770 ಗ್ರಾಂ. ಮೇಲೆ ಲೆನ್ಸ್ ಭಾರ ಬೇರೆ. ಬೆಳಗಿನ ಜಾವದ ಹೊತ್ತಿಗೆ ಮಣಿಕಟ್ಟು ಮಾತಾಡಲು ಶುರು ಮಾಡುತ್ತದೆ. ಕೊನೆಗೆ 403 ಗ್ರಾಂನ ಸೋನಿ ಎ6400 ತಗೊಂಡೆ. ಲೆನ್ಸ್‌ಗಳನ್ನು ಮಾರಲು ಮಾತ್ರ ಮನಸ್ಸು ಬರಲಿಲ್ಲ. ಹಳೇ ಇಎಫ್ ಲೆನ್ಸ್‌ಗೆ ಅಂಗಡಿಯವರು ಹೇಳುವ ರೇಟ್ ಕೇಳಿದರೆ ಯಾರಿಗಾದರೂ ಸುಮ್ನೆ ಇಟ್ಟುಕೊಳ್ಳೋಣ ಅನಿಸುತ್ತದೆ. ಹಾಗೆ ಉಳಿದದ್ದು ಮೂರು: 50 ಎಂಎಂ ಎಫ್1.8, 85 ಎಂಎಂ ಎಫ್1.8, 24-105 ಎಫ್4.

ಇವನ್ನು ಗಾಜಿಲ್ಲದ ಮಾಮೂಲಿ ಅಡಾಪ್ಟರ್‌ನಲ್ಲಿ ಸೋನಿಗೆ ಹಾಕಬಹುದು. ಆದರೆ ಎ6400ರ ಸೆನ್ಸರ್ ಸಣ್ಣದು (ಎಪಿಎಸ್-ಸಿ), ಲೆನ್ಸ್ ಬೀಳಿಸುವ ಚಿತ್ರದ ನಡುಭಾಗ ಮಾತ್ರ ಅದಕ್ಕೆ ಸಿಗುತ್ತದೆ. ಇದೇ 1.5 ಕ್ರಾಪ್. 24 ಎಂಎಂ ಅನ್ನುವುದು 36ರ ಹಾಗೆ ಕಾಣುತ್ತದೆ. ಚೌಕಿ ನೋಡಿದವರಿಗೆ ಈ ಕಷ್ಟ ಗೊತ್ತು. ಸಾಲಾಗಿ ಕೂತು ಬಣ್ಣ ಹಚ್ಚಿಕೊಳ್ಳುವ ಕಲಾವಿದರು, ಪೆಟ್ಟಿಗೆಗಳು, ಹಗ್ಗದಲ್ಲಿ ನೇತಾಡುವ ವೇಷಭೂಷಣ. ಹಿಂದೆ ಸರಿಯಲು ಜಾಗವೇ ಇಲ್ಲ, ಸರಿದರೆ ಯಾರದೋ ಕಿರೀಟದ ಮೇಲೆ ಕೂರಬೇಕು.

ಫೋಕಲ್ ರೆಡ್ಯೂಸರ್ ಬರುವುದು ಇಲ್ಲಿ. ಕ್ಯಾನನ್ ಇಎಫ್ ಲೆನ್ಸ್ ಸೆನ್ಸರ್‌ನಿಂದ 44 ಎಂಎಂ ದೂರದಲ್ಲಿ ಕೂರಬೇಕು. ಸೋನಿ ಇ-ಮೌಂಟ್‌ನಲ್ಲಿ (ಮೌಂಟ್ ಅಂದರೆ ಲೆನ್ಸ್ ಸಿಕ್ಕಿಸುವ ಜಾಗ) ಆ ದೂರ 18 ಎಂಎಂ ಮಾತ್ರ. ನಡುವೆ 26 ಎಂಎಂ ಖಾಲಿ ಉಳಿಯುತ್ತದೆ, ಅಲ್ವಾ? ಆ ಖಾಲಿ ಜಾಗದಲ್ಲಿ ಗಾಜು ಕೂರಿಸಿ ಲೆನ್ಸ್‌ನ ಇಡೀ ಚಿತ್ರವನ್ನು 0.71 ಪಟ್ಟು ಕುಗ್ಗಿಸುತ್ತಾರೆ. ದೂರದರ್ಶಕ ಬಳಸುವವರಿಗೆ ಇದು ಹಳೇ ವಿದ್ಯೆ. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಇದನ್ನು ಜನಪ್ರಿಯ ಮಾಡಿದ್ದು ಮೆಟಾಬೋನ್ಸ್. 2013ರಲ್ಲಿ ಸ್ಪೀಡ್ ಬೂಸ್ಟರ್ ಅಂತ ತಂದರು, ಈಗ ಯಾವ ಕಂಪನಿಯದಾದರೂ ಜನರ ಬಾಯಲ್ಲಿ ಅದೇ ಹೆಸರು. ಮೆಟಾಬೋನ್ಸ್‌ನದಕ್ಕೆ ಕೈ ಹಾಕುವ ಧೈರ್ಯ ನನಗಿರಲಿಲ್ಲ. ನನ್ನದು 15 ಸಾವಿರದ ಒಳಗೆ ಸಿಕ್ಕ ಚೀನಾ ಮಾಲು. ಹೆಸರು ಬೇಡ.

ಚಿತ್ರ ಕುಗ್ಗಿದರೆ ಎರಡು ಲಾಭ. 1.5 ಕ್ರಾಪ್ ಹೋಗಿ 1.07 ಆಗುತ್ತದೆ, ಅಂದರೆ 24 ಎಂಎಂ ಹತ್ತಿರ ಹತ್ತಿರ 24ರ ಹಾಗೇ ಕಾಣುತ್ತದೆ. ಎರಡನೆಯದು ಬೆಳಕು. ಭೂತಗನ್ನಡಿ ಹಿಡಿದಾಗ ಬಿಸಿಲು ಸಣ್ಣ ಜಾಗಕ್ಕೆ ಸೇರಿ ಕಾಗದ ಸುಡುತ್ತದಲ್ಲ, ಹಾಗೆ. 0.71 ಪಟ್ಟು ಕುಗ್ಗಿದರೆ ವಿಸ್ತೀರ್ಣ ಅರ್ಧವಾಗುತ್ತದೆ, ಬೆಳಕು ಎರಡು ಪಟ್ಟು ಗಟ್ಟಿಯಾಗುತ್ತದೆ. ಫೋಟೋದವರ ಭಾಷೆಯಲ್ಲಿ ಪೂರ್ತಿ ಒಂದು ಸ್ಟಾಪ್. ಎಫ್ ಸಂಖ್ಯೆ ಸಣ್ಣದಾದಷ್ಟೂ ಬೆಳಕು ಜಾಸ್ತಿ. ಎಫ್4 ಹೋಗಿ ಎಫ್2.8, ಎಫ್1.8 ಹೋಗಿ ಎಫ್1.3. ಅಡಾಪ್ಟರ್‌ನಲ್ಲಿ ಚಿಪ್ ಇರುವುದರಿಂದ 50 ಎಂಎಂ ಹಾಕಿದರೆ ಕ್ಯಾಮೆರಾ ಪರದೆಯಲ್ಲೇ ಎಫ್1.3 ಅಂತ ಬರುತ್ತದೆ. ಮೊದಲ ಸಲ ನೋಡಿದಾಗ ಖುಷಿಯಾಗುತ್ತದೆ, ಸುಳ್ಳು ಯಾಕೆ.

ಆದರೆ ಪುಕ್ಕಟೆ ಬೆಳಕು ಬಂತು ಅಂದುಕೊಳ್ಳಬೇಡಿ ಮಾರಾಯ್ರೆ. 6ಡಿಯಲ್ಲಿ ಅದೇ ಲೆನ್ಸ್ ಕೊಡುತ್ತಿದ್ದ ನೋಟ, ಅದೇ ಹಿನ್ನೆಲೆ ಮಸುಕು, ಒಟ್ಟು ಅಷ್ಟೇ ಬೆಳಕು ಇಲ್ಲಿ ಸಣ್ಣ ಸೆನ್ಸರ್ ಮೇಲೆ ವಾಪಸ್ ಸಿಗುತ್ತದೆ. ಕ್ರಾಪ್ ಕಿತ್ತುಕೊಂಡಿದ್ದನ್ನು ಇದು ಹಿಂದಿರುಗಿಸುತ್ತದೆ, ಅಷ್ಟೇ. ನನಗೆ ಬೇಕಾಗಿದ್ದೂ ಅಷ್ಟೇ.

ಚೌಕಿಯಲ್ಲಿ 24-105 ಈಗ ಸುಮಾರು 17-75 ಎಫ್2.8 ಲೆನ್ಸ್. ಎಫ್4ನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 3200 ಬೇಡುತ್ತಿದ್ದ ಬಲ್ಬ್ ಬೆಳಕಿನಲ್ಲಿ 1600ಕ್ಕೆ ಕೆಲಸ ಆಗುತ್ತದೆ. ಕೈ ನಡುಕ ತಡೆಯುವ ಲೆನ್ಸ್‌ನ ಸ್ಟೆಬಿಲೈಸೇಷನ್ ಕೂಡ ಸರಿಯಾಗಿ ನಡೆಯುತ್ತದೆ. ಎ6400 ಬಾಡಿಯಲ್ಲಿ ಅದಿಲ್ಲ, ಹಾಗಾಗಿ ಇದು ದೊಡ್ಡ ಉಪಕಾರ. ಚಿತ್ರದ ನಡುಭಾಗ ಬಹಳ ಚೊಕ್ಕ. ಕುಗ್ಗಿಸುವಾಗ ಲೆನ್ಸ್‌ನ ಸಣ್ಣಪುಟ್ಟ ದೋಷಗಳೂ ಕುಗ್ಗುತ್ತವೆ, ಅದಕ್ಕೆ ಹಾಗೆ.

ಒಂದು ವಿಷಯ ಮಾತ್ರ ಬಳಸುತ್ತಾ ಬಳಸುತ್ತಾ ಗೊತ್ತಾಯಿತು. ಬಣ್ಣದ ವೇಷಕ್ಕೆ (ರಾಕ್ಷಸ ಪಾತ್ರ) ಚಿಟ್ಟಿ ಇಡುವುದನ್ನು ಹತ್ತಿರದಿಂದ ತೆಗೆಯುವುದು ನನಗೆ ಇಷ್ಟ. ಕಡ್ಡಿಯ ತುದಿಯಲ್ಲಿ ಬಿಳಿ ಹಿಟ್ಟು ಎತ್ತಿ ಕೆನ್ನೆಯ ಮೇಲೆ ಒಂದೊಂದೇ ಚುಕ್ಕೆ ನಿಲ್ಲಿಸುತ್ತಾರೆ, ಒಣಗಿದ ಮೇಲೆ ಅವು ಮುಳ್ಳಿನ ಸಾಲಾಗುತ್ತವೆ. 50 ಎಂಎಂ 35 ಸೆಂಟಿಮೀಟರ್‌ವರೆಗೆ ಹತ್ತಿರ ಫೋಕಸ್ ಮಾಡುತ್ತದೆ. ರೆಡ್ಯೂಸರ್ ಹಾಕಿದರೂ ಆ ದೂರ ಬದಲಾಗುವುದಿಲ್ಲ, ಚಿತ್ರ ಮಾತ್ರ ಸಣ್ಣದಾಗುತ್ತದೆ. ಫ್ರೇಮಿನಲ್ಲಿ ಸುಮಾರು 16 ಸೆಂಟಿಮೀಟರ್ ಅಗಲ ಹಿಡಿಯುತ್ತದೆ, ಅಂದರೆ ಇಡೀ ಮುಖ. ಗಾಜಿಲ್ಲದ ಅಡಾಪ್ಟರ್‌ನಲ್ಲಾದರೆ 11 ಸೆಂಟಿಮೀಟರ್, ಕೆನ್ನೆ ಮತ್ತು ಆ ಕಡ್ಡಿ ಮಾತ್ರ. ಹಾಗಾಗಿ ಮಾಮೂಲಿ ಅಡಾಪ್ಟರ್ ಈಗಲೂ ಬ್ಯಾಗಿನಲ್ಲಿದೆ.

ಇನ್ನು ದೂರುಗಳು. ಆಟೋಫೋಕಸ್ ಮೊದಲನೆಯದು. ಚೌಕಿಯಲ್ಲಿ ಕೂತವರ ಸ್ಟಿಲ್ ಫೋಟೋಗೆ ಪರವಾಗಿಲ್ಲ. ರಂಗಸ್ಥಳದಲ್ಲಿ ಕೆಂಪು ನೀಲಿ ಎಲ್‌ಇಡಿ ಬೆಳಕು ಬಿದ್ದರೆ ಲೆನ್ಸ್ ಹಿಂದೆ ಮುಂದೆ ಓಡಾಡುತ್ತಲೇ ಇರುತ್ತದೆ. ಪುಂಡುವೇಷ (ಚುರುಕು ಯುವಕರ ಪಾತ್ರ) ಧಿಗಿಣ ಹಾಕುವಾಗ, ಅಂದರೆ ಸುತ್ತುತ್ತಾ ಹಾರಿ ಕುಣಿಯುವಾಗ, ಇದನ್ನು ನಂಬಿದರೆ ಕೆಟ್ಟಿರಿ. ನಾನು ರಂಗದ ನಡುವಿಗೆ ಕೈಯಲ್ಲೇ ಫೋಕಸ್ ಇಟ್ಟು, ಪೀಕಿಂಗ್ (ಫೋಕಸ್ ಆದ ಅಂಚುಗಳನ್ನು ಪರದೆಯಲ್ಲಿ ಬಣ್ಣದಲ್ಲಿ ತೋರಿಸುವುದು) ಹಾಕಿ ಕಾಯುತ್ತೇನೆ. ವಿಡಿಯೋಗೆ ಆಟೋಫೋಕಸ್ ಯೋಚನೆಯನ್ನೇ ಬಿಟ್ಟಿದ್ದೇನೆ.

50 ಎಂಎಂ ಪೂರ್ತಿ ತೆರೆದಾಗ ಮೂಲೆಗಳು ಎಳೆದಂತೆ ಆಗುತ್ತವೆ, ಅಲ್ಲಿನ ಬಲ್ಬ್‌ಗಳಿಗೆ ಬಾಲ ಬರುತ್ತದೆ. ರಾತ್ರಿ ಆಟದಲ್ಲಿ ಮೂಲೆ ಹೇಗೂ ಕತ್ತಲೆ, ನನಗೆ ಚಿಂತೆಯಿಲ್ಲ. ಹಗಲಿನ ಕಥೆ ಬೇರೆ. ಮಲ್ಪೆಯಲ್ಲಿ ಎಫ್11 ಇಟ್ಟು ಸೂರ್ಯನ ಎದುರು ತೆಗೆದರೆ ಚಿತ್ರದ ಮಧ್ಯದಲ್ಲಿ ಒಂದು ನೀಲಿ ಮಚ್ಚೆ. ಸೆನ್ಸರ್‌ಗೆ ಬಡಿದ ಬೆಳಕು ರೆಡ್ಯೂಸರ್‌ನ ಗಾಜಿಗೆ ತಾಗಿ ಮತ್ತೆ ಸೆನ್ಸರ್ ಮೇಲೇ ಬೀಳುವುದರಿಂದ ಆಗುವ ಕಿತಾಪತಿ. ಅಗ್ಗದ ರೆಡ್ಯೂಸರ್‌ಗಳಲ್ಲಿ ಇದು ಜಾಸ್ತಿ. ಅಪರ್ಚರ್ ತೆರೆದರೆ ಮಚ್ಚೆ ಕಾಣುವುದಿಲ್ಲ. ಲ್ಯಾಂಡ್‌ಸ್ಕೇಪ್ ತೆಗೆಯುವವರು ಮಾತ್ರ ಎರಡು ಸಲ ಯೋಚಿಸಿ.

ಮೌಂಟ್‌ನಲ್ಲಿ ಸ್ವಲ್ಪ ಆಟ ಇದೆ, ಝೂಮ್ ತಿರುಗಿಸಿದರೆ ಲೆನ್ಸ್ ಕೂದಲೆಳೆಯಷ್ಟು ಅಲುಗಾಡುತ್ತದೆ. ಬಂದಾಗ ಇನ್ಫಿನಿಟಿಯೂ ಸರಿ ಇರಲಿಲ್ಲ. ದೂರದ್ದು ಯಾವುದೂ ಚೊಕ್ಕವಾಗುತ್ತಿರಲಿಲ್ಲ. ನನ್ನದರಲ್ಲಿ ಗಾಜಿನ ಭಾಗ ತಿರುಗಿಸುವ ಮರೆಯ (ಥ್ರೆಡ್) ಮೇಲೆ ಕೂತಿದೆ, ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ. ರಾತ್ರಿ ತಾರಸಿಗೆ ಹೋಗಿ ಮೊಬೈಲ್ ಟವರ್‌ನ ಕೆಂಪು ದೀಪಕ್ಕೆ ಗುರಿ ಇಟ್ಟೆ. ವಾಚ್ ರಿಪೇರಿಯ ಸ್ಕ್ರೂಡ್ರೈವರ್‌ನಲ್ಲಿ ಸ್ಕ್ರೂ ಸಡಿಲಿಸಿ, ಗಾಜನ್ನು ಒಂಚೂರು ತಿರುಗಿಸಿ, ಕ್ಯಾಮೆರಾಗೆ ಹಾಕಿ, ಪರದೆಯಲ್ಲಿ ದೊಡ್ಡದು ಮಾಡಿ ನೋಡುವುದು. ಮತ್ತೆ ತೆಗೆದು ಇನ್ನೊಂಚೂರು. ತಾಳ್ಮೆ ಬೇಕು, ಆದರೆ ಒಮ್ಮೆ ಕೂತರೆ ಕೂತಂತೆ. ಆ ಸ್ಕ್ರೂ ಇಲ್ಲದ ಅಡಾಪ್ಟರ್ ತಗೊಳ್ಳಬೇಡಿ. ಫರ್ಮ್‌ವೇರ್ (ಅಡಾಪ್ಟರ್ ಒಳಗಿನ ತಂತ್ರಾಂಶ) ಹಾಕಲು ಯುಎಸ್‌ಬಿ ತೂತು ಇದೆಯಾ ಅಂತಲೂ ನೋಡಿಕೊಳ್ಳಿ. ಹಿಂಬದಿ ಗಾಜು ಉಬ್ಬಿ ಹೊರಗೆ ಬಂದಿರುವ ಹಳೇ ಲೆನ್ಸ್ ಇದ್ದರೆ ಹಾಕುವ ಮುಂಚೆ ಅಳತೆ ಮಾಡಿ, ಗಾಜಿಗೆ ಗಾಜು ತಾಗಿದರೆ ಎರಡೂ ಹೋದ ಹಾಗೆ.

ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು. ಪತ್ತನಾಜೆಗೆ (ತಿರುಗಾಟ ಮುಗಿಯುವ ದಿನ) ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆ ಹಿಡಿಯುತ್ತದೆ. ಆಮೇಲೆ ತಿಂಗಳುಗಟ್ಟಲೆ ಕ್ಯಾಮೆರಾ ಹೊರಗೆ ಬರುವುದೇ ಅಪರೂಪ. ರೆಡ್ಯೂಸರ್ ಕೂಡ ಗಾಜೇ, ಅದಕ್ಕೂ ಫಂಗಸ್ ಹಿಡಿಯುತ್ತದೆ. ಲೆನ್ಸ್ ಜೊತೆಗೇ ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿಡಿ.

ಚೌಕಿಯಲ್ಲಿ ಇದನ್ನು ನೋಡಿದ ಒಬ್ಬ ಹುಡುಗ, "ಅಣ್ಣಾ, ನನ್ನ ಕ್ಯಾನನ್ 18-55 ಇದಕ್ಕೆ ಆಗ್ತದಾ?" ಎಂದು ಕೇಳಿದ. ಆಗುವುದಿಲ್ಲ. ಫುಲ್ ಫ್ರೇಮ್ ಲೆನ್ಸ್ ಬೀಳಿಸುವ ಚಿತ್ರದ ವೃತ್ತ 43 ಎಂಎಂ, ಕುಗ್ಗಿಸಿದ ಮೇಲೂ 30ರ ಮೇಲೆ ಉಳಿಯುತ್ತದೆ. ಎಪಿಎಸ್-ಸಿ ಸೆನ್ಸರ್‌ನ ಕರ್ಣ 28 ಎಂಎಂ, ಅದು ಪೂರ್ತಿ ತುಂಬುತ್ತದೆ. 18-55ರಂಥ, ಸಣ್ಣ ಸೆನ್ಸರ್‌ಗೇ ಮಾಡಿದ ಲೆನ್ಸ್‌ನ ವೃತ್ತವನ್ನು ಕುಗ್ಗಿಸಿದರೆ ನಾಲ್ಕೂ ಮೂಲೆ ಕಪ್ಪು. "ಹಾಗಾದ್ರೆ ಸೆಕೆಂಡ್ ಹ್ಯಾಂಡ್ 24-105 ತಗೊಳ್ಲಾ?" ಅಂದ. ಬೇಡ ಅಂದೆ. ಸಿಗ್ಮಾದವರು ಸೋನಿ ಮೌಂಟ್‌ನಲ್ಲೇ 18-50 ಎಫ್2.8 ಮಾಡಿದ್ದಾರೆ, 2021ರಿಂದ ಸಿಗುತ್ತದೆ, ತೂಕ 290 ಗ್ರಾಂ. ನನ್ನ 24-105 ಒಂದೇ 670 ಗ್ರಾಂ ತೂಗುತ್ತದೆ, ಅಡಾಪ್ಟರ್ ತೂಕ ಬೇರೆ. ಆ ಸಿಗ್ಮಾಗೆ ದುಡ್ಡು ಹೊಂದಿಸಿಕೋ ಅಂದೆ. ಅವನು, "ಮೊದಲು ನಿಮ್ಮ ಲೆನ್ಸ್ ಕೊಡ್ತೀರಾ?" ಅಂತ ಕೇಳಿದ.